ಕರೆಂಟು ತಿನ್ನದ ಬಾಕ್ಸು

ಹಿಂದೂಪುರದ ಪರಿಗಿ ರಸ್ತೆಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಓಬುಳಪತಿಗೆ ಐವತ್ತು ದಾಟಿದ ಮೇಲೆ ಒಂದು ಆಸೆ ಹುಟ್ಟಿತು. ಆ ವಯಸ್ಸಿನಲ್ಲಿ ಕೆಲವರಿಗೆ ಕಾಶಿಗೆ ಹೋಗುವ ಆಸೆ ಹುಟ್ಟುತ್ತದೆ, ಕೆಲವರಿಗೆ ತಲೆಗೆ ಬಣ್ಣ ಹಚ್ಚುವ ಆಸೆ. ಓಬುಳಪತಿಯದು ಇವೆರಡಕ್ಕಿಂತ ಕಷ್ಟದ್ದು. ತನ್ನ ಅಂಗಡಿಗೆ ಫೋನು ಮಾಡಿದವರಿಗೆಲ್ಲ ಒಂದು ಇಂಪಾದ ದನಿ, ‘ನಿಮ್ಮ ಕರೆ ನಮಗೆ ಅಮೂಲ್ಯ. ಮೋಟಾರಿಗಾಗಿ ಒಂದನ್ನು ಒತ್ತಿರಿ, ಸ್ಟಾರ್ಟರಿಗಾಗಿ ಎರಡನ್ನು ಒತ್ತಿರಿ’ ಎಂದು ಹೇಳಬೇಕು.

ಇದಕ್ಕೆ ಕಾರಣವಿತ್ತು. ಒಮ್ಮೆ ಯಾವುದೋ ಪಂಪಿನ ಕಂಪನಿಗೆ ಬೇರಿಂಗ್ ವಿಚಾರ ಕೇಳಲು ಫೋನು ಮಾಡಿದಾಗ ಅಂಥ ದನಿಯೊಂದು ಅವನನ್ನು ಊಟದ ಹೊತ್ತು ಮೀರುವವರೆಗೂ ಕಾಯಿಸಿತ್ತು. ಬೇರಿಂಗ್ ವಿಚಾರ ಕೊನೆಗೂ ಗೊತ್ತಾಗಲಿಲ್ಲ. ಬೇರೆಯವರಾಗಿದ್ದರೆ ಬೈದು ಫೋನು ಇಡುತ್ತಿದ್ದರು. ಓಬುಳಪತಿಗೆ ಭಕ್ತಿ ಹುಟ್ಟಿತು. ಇಷ್ಟು ಮರ್ಯಾದೆಯಿಂದ ಇಷ್ಟು ಹೊತ್ತು ಏನೂ ಹೇಳದೆ ಇರಬಲ್ಲ ಸಂಸ್ಥೆ ಬಹಳ ದೊಡ್ಡದೇ ಇರಬೇಕು ಎಂದು ಅವನು ತೀರ್ಮಾನಿಸಿದ.

ಅವನ ಅಂಗಡಿಯಲ್ಲಿ ನಡೆಯುತ್ತಿದ್ದುದು ಬೇರೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಜಗಲಿ. ಲ್ಯಾಂಡ್‌ಲೈನ್ ಫೋನು ಇದ್ದದ್ದು ಜಗಲಿಯಲ್ಲಿ. ಅದರ ಪಕ್ಕದ ಮಂಚದ ಮೇಲೆ ಇದ್ದವರು ಅವನ ತಾಯಿ ನಾರಮ್ಮ. ಓಬುಳಪತಿಯ ಕೈಗೆ ಸದಾ ವಾರ್ನಿಷ್ ಅಂಟಿರುತ್ತಿದ್ದುದರಿಂದ ಫೋನು ಎತ್ತುವ ಅಧಿಕಾರ ತಾನಾಗಿ ನಾರಮ್ಮನವರಿಗೆ ಬಂದಿತ್ತು. ‘ಹಲೋ’ ಎನ್ನುವ ಪದ್ಧತಿ ಅವರಿಗಿರಲಿಲ್ಲ. ರಿಸೀವರ್ ಎತ್ತಿದೊಡನೆ ವಿಷಯಕ್ಕೆ ಬರುತ್ತಿದ್ದರು.

“ಏನು ಸುಟ್ಟೈತೆ?”

“ಮೋಟಾರ್ ಸುಟ್ಟೋಯ್ತಮ್ಮ,” ಎಂದು ಆ ಕಡೆಯಿಂದ ರೈತ ಹೇಳಬೇಕು.

“ಯಾವಾಗ?”

“ರಾತ್ರಿ.”

“ರಾತ್ರಿ ನೀನೆಲ್ಲಿಗೆ ಹೋಗಿದ್ದೆ?”

ಆಮೇಲೆ ವಿಚಾರಣೆ. ಒಂದೇ ವರ್ಷದಲ್ಲಿ ಎರಡನೇ ಸಲ ಮೋಟಾರು ಸುಟ್ಟುಕೊಂಡವರಿಗೆ ಉಪದೇಶ. ಅಪರಾಧ ಒಪ್ಪಿಕೊಂಡವರಿಗೆ ಮಾತ್ರ, “ಬಿಚ್ಕೊಂಡು ಸಾಯಂಕಾಲ ಬಾ,” ಎಂಬ ಅಪ್ಪಣೆ. ಗೋರಂಟ್ಲದ ಒಂದು ಮದುವೆ ಊಟದಲ್ಲಿ ಒಬ್ಬ ಗಿರಾಕಿ ಎಲೆಯ ಮುಂದೆಯೇ ಹೇಳಿಬಿಟ್ಟ: “ನಿಮ್ಮ ಅಂಗಡಿಗೆ ಫೋನ್ ಮಾಡೋಕ್ಕಿಂತ ಪೊಲೀಸ್ ಸ್ಟೇಷನ್‌ಗೆ ಮಾಡೋದೇ ಸಲೀಸು ಕಣಪ್ಪ.” ಸಾಲಿನವರೆಲ್ಲ ನಕ್ಕರು. ಓಬುಳಪತಿ ಅಂದೇ ನಿಶ್ಚಯ ಮಾಡಿದ. ಆದರೆ ತಾಯಿಗೆ ಹೇಳುವ ಧೈರ್ಯ ಬರಲಿಲ್ಲ. ಹೆಂಡತಿ ಪದ್ಮಲತಾಗೆ ಹೇಳಿದ. ಅವಳು, “ಹೇಳೋ ದಿನ ನಾನು ತೌರಿಗೆ ಹೋಗಿರ್ತೀನಿ,” ಎಂದಳು.

ಮರುದಿನ ಅವನು ಬಸ್ ಸ್ಟ್ಯಾಂಡಿನ ಹತ್ತಿರವಿದ್ದ ಸರಿತಾಳ ಕಂಪ್ಯೂಟರ್ ಅಂಗಡಿಗೆ ಹೋದ. ಸರಿತಾ ಚುರುಕು ಮಾತಿನ ಹೆಂಗಸು, ಗಿರಾಕಿ ಪೂರ್ತಿ ಕೇಳುವ ಮುಂಚೆಯೇ ಅರ್ಧ ಉತ್ತರ ಕೊಟ್ಟುಬಿಡುವವಳು.

“ಅಷ್ಟೇನಾ ಅಣ್ಣ? ಒಂದು ಕಂಪ್ಯೂಟರ್ ಇಕ್ಕಿ ಲಿನಕ್ಸ್ ಅನ್ನೋ ಸಾಫ್ಟ್‌ವೇರ್ ಹಾಕ್ಬುಟ್ರೆ ಆಯ್ತು. ಬಂದ ಫೋನ್ ಎಲ್ಲಾ ಅದೇ ಎತ್ತುತ್ತೆ, ಯಾರ್ಗೆ ಕೊಡ್ಬೇಕೋ ಅವ್ರಿಗೆ ಕೊಡುತ್ತೆ. ಮನೇಲಿ ಒಬ್ಬೊಬ್ಬರಿಗೂ ಒಂದೊಂದು ನಂಬರ್ ಕೊಡ್ಬೋದು. ಲಿನಕ್ಸ್‌ಗೆ ಕಾಸಿಲ್ಲ.”

“ಕಂಪ್ಯೂಟರ್ ಎಷ್ಟು ಎಚ್‌ಪಿ ಬೇಕಾಯ್ತದೆ?” ಎಂದ ಓಬುಳಪತಿ. ಅವನು ಲೋಕದ ಎಲ್ಲ ಯಂತ್ರಗಳನ್ನೂ ಅಶ್ವಶಕ್ತಿಯಲ್ಲಿ ಅಳೆಯುತ್ತಿದ್ದ.

ಸರಿತಾ ಮೊದಲು ಒಂದು ಹಳೆಯ ದೊಡ್ಡ ಸಿಪಿಯು ತೋರಿಸಿದಳು. ಹಾಕಿದಾಗ ಅದು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡಿತು. “ಇದು ಹಗಲೂ ರಾತ್ರಿ ಓಡ್ಬೇಕಲ್ಲ ಅಣ್ಣ, ಕರೆಂಟ್ ಚೆನ್ನಾಗಿ ತಿಂತದೆ. ನಿಮ್ಮ ಅಂಗಡಿ ಧೂಳಿಗೆ ಈ ಫ್ಯಾನ್ ಆರು ತಿಂಗಳು ಬರಲ್ಲ.” ಆಮೇಲೆ ಇಸ್ಪೀಟು ಎಲೆಯಷ್ಟು ದೊಡ್ಡದಿದ್ದ ಒಂದು ಹಸಿರು ಬೋರ್ಡು ಅಂಗೈ ಮೇಲೆ ಇಟ್ಟಳು. “ಇದು ಕರೆಂಟೇ ತಿನ್ನಲ್ಲ. ಆದ್ರೆ ಎಲ್ಲಾ ಈ ಮೆಮೊರಿ ಕಾರ್ಡ್ ಮೇಲೆ ಓಡ್ತದೆ. ನಮ್ಮೂರ ಕರೆಂಟು ಹೋಗಿ ಬಂದು ಹೋಗಿ ಬಂದು ಮಾಡಿದ್ರೆ ಒಂದಿನ ಕಾರ್ಡ್ ಢಮಾರ್.” ಕೊನೆಗೆ ಮಿನಿ ಪಿಸಿ ಎಂಬ ಕಪ್ಪು ಡಬ್ಬಿ ತೋರಿಸಿದಳು. ನೋಡಲು ಚಪಾತಿ ಡಬ್ಬಿ. ಒಳಗೆ ಫ್ಯಾನಿಲ್ಲ, ಸದ್ದಿಲ್ಲ, ಚಿಕ್ಕ ಬಲ್ಬಿನಷ್ಟು ಕರೆಂಟು ಸಾಕು, ಗೋಡೆಗೆ ನೇತುಹಾಕಬಹುದು. ಇದರಲ್ಲೂ ಹೊಸದು ಒಂದು, ಸೆಕೆಂಡ್ ಹ್ಯಾಂಡ್ ಒಂದು.

ಓಬುಳಪತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. “ವೈಂಡಿಂಗ್ ತಾಮ್ರದ್ದಾ, ಅಲ್ಯೂಮಿನಿಯಮ್ಮಾ?”

“ಇದ್ರಲ್ಲಿ ವೈಂಡಿಂಗೇ ಇಲ್ಲಣ್ಣ.”

ವೈಂಡಿಂಗ್ ಇಲ್ಲದ ಯಂತ್ರವನ್ನು ಒಬ್ಬ ಹೆಣ್ಣುಮಗಳ ಮಾತಿನ ಮೇಲಷ್ಟೇ ನಂಬುವುದು ಹೇಗೆ? ಅವನ ಚಿಕ್ಕಮ್ಮನ ಮೊಮ್ಮಗ ನರೇಂದ್ರ ಕಲ್ಯಾಣದುರ್ಗದಲ್ಲಿ ಸಿಸಿ ಕ್ಯಾಮೆರಾ ಹಾಕುವ ಕೆಲಸ ಮಾಡುತ್ತಿದ್ದ. ಅವನನ್ನು ಕೇಳಿ ಬರುತ್ತೇನೆಂದು ಓಬುಳಪತಿ ಎದ್ದ.

ಇಲ್ಲಿ ಕಲ್ಯಾಣದುರ್ಗದ ವಿಚಾರ ಹೇಳಲೇಬೇಕು. ನಾರಮ್ಮನವರ ಒಡಹುಟ್ಟಿದ ತಂಗಿ ನರಸಕ್ಕ ಇದ್ದದ್ದು ಅಲ್ಲಿ. ಅಕ್ಕತಂಗಿಯರು ಮಾತು ಬಿಟ್ಟು ವರ್ಷಗಳಾಗಿದ್ದವು. ತಂಗಿ ಹೊಸ ಮನೆಯ ಗೃಹಪ್ರವೇಶಕ್ಕೆ ತನ್ನನ್ನು ಕರೆಯಲಿಲ್ಲ ಎಂಬುದು ನಾರಮ್ಮನವರ ದೂರು. ನರಸಕ್ಕನ ದೂರು ಏನೆಂದು ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು. ನರಸಕ್ಕನ ಮಗ, ನರೇಂದ್ರನ ಅಪ್ಪ ಚೆನ್ನಕೇಶವ ಮತ್ತು ಓಬುಳಪತಿ ಮಾತ್ರ ತಾಯಂದಿರಿಗೆ ಗೊತ್ತಾಗದ ಹಾಗೆ ಅಣ್ಣತಮ್ಮಂದಿರ ಪ್ರೀತಿ ಉಳಿಸಿಕೊಂಡಿದ್ದರು. ಚೆನ್ನಕೇಶವನದು ಟೆಂಟ್ ಹೌಸ್: ಶಾಮಿಯಾನ, ಕುರ್ಚಿ, ಪಾತ್ರೆ, ಜನರೇಟರ್. ಈಚೆಗೆ, ಸತ್ತವರನ್ನು ದೂರದ ನೆಂಟರು ಬರುವವರೆಗೆ ಕೆಡದ ಹಾಗೆ ಇಡುವ ಗಾಜಿನ ಮುಚ್ಚಳದ ಫ್ರೀಜರ್ ಬಾಕ್ಸೂ ಒಂದು ತಂದಿದ್ದ. ಕಲ್ಯಾಣದುರ್ಗದಲ್ಲಿ ಅವನಿಗೆ ಫೋನು ಮಾಡಿ ‘ಬಾಕ್ಸ್’ ಎಂದವರಿಗೆಲ್ಲ ಬೇಕಾಗಿದ್ದದ್ದು ಅದೊಂದೇ.

ಓಬುಳಪತಿ ತನ್ನ ಮೊಬೈಲಿನಿಂದ ನರೇಂದ್ರನ ನಂಬರಿಗೆ ಫೋನು ಮಾಡಿದಾಗ ಎತ್ತಿದವನು ಚೆನ್ನಕೇಶವ. ಹಿಂದೆ ಜನರೇಟರ್ ಗುಡುಗುತ್ತಿತ್ತು.

“ನರೇಂದ್ರ ಬೆಳುಗುಪ್ಪದಾಗೆ ಕ್ಯಾಮೆರಾ ಹಾಕೋಕೆ ಹೋಗವ್ನೆ, ನಾಳೆ ಬತ್ತಾನೆ. ಫೋನ್ ಇಲ್ಲೇ ಮರ್ತು ಹೋಗವ್ನೆ. ಏನಣ್ಣ ಸಮಾಚಾರ?”

“ನಂಗೊಂದು ಬಾಕ್ಸ್ ಬೇಕಾಗಿತ್ತು ಕಣಪ್ಪ.”

ಚೆನ್ನಕೇಶವ ಜನರೇಟರಿನಿಂದ ದೂರ ಸರಿದ. ದನಿ ಇಳಿಯಿತು. “ಬಾಕ್ಸಾ? ಅಣ್ಣಾ… ದೊಡ್ಡಮ್ಮ…?”

“ಅಮ್ಮಂದು ಮುಗೀತು ಕಣಪ್ಪ,” ಎಂದ ಓಬುಳಪತಿ, ತಾಯಿಯ ಫೋನಿನ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು. “ಇಷ್ಟು ವರ್ಷ ನಡೆಸಿದ್ಲು, ಇನ್ನು ರೆಸ್ಟು. ಎಲ್ಲಾದಕ್ಕೂ ಒಂದು ಕಾಲ ಇರ್ತದಲ್ಲ.”

“ಅಯ್ಯೋ! ಯಾವಾಗಣ್ಣ?”

“ನಾನು ನಿನ್ನೆ ತೀರ್ಮಾನ ಮಾಡ್ದೆ.”

ಚೆನ್ನಕೇಶವನಿಗೆ ಈ ಮಾತು ವಿಚಿತ್ರವೆನಿಸಿತು. ಆದರೆ ದುಃಖದಲ್ಲಿರುವವರ ಮಾತು ಹಿಡಿಯಬಾರದು ಎಂಬುದು ಅವನ ವೃತ್ತಿಯ ಮೊದಲ ಪಾಠ. “ಯಾವ ಸೈಜ್ ಬೇಕಣ್ಣ?”

“ಚಿಕ್ಕದೇ ಸಾಕು. ನಮ್ಮದೇನು ದೊಡ್ಡ ಮನೆಯಾ? ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ. ಕರೆಂಟ್ ಜಾಸ್ತಿ ತಿನ್ಬಾರ್ದು. ಬಿಸಿ ಆಗ್ಬಾರ್ದು, ಅದು ಮುಖ್ಯ.”

“ಬಿಸಿ ಆಗೋ ಮಾತೇ ಇಲ್ಲಣ್ಣ. ಎಷ್ಟು ದಿನ ಇಡ್ತೀಯ?”

“ದಿನ ಏನು ಬಂತು? ಪರ್ಮನೆಂಟ್ ಇರ್ಲಿ ಅಂತ. ಅಂಗಡಿಯಾಗೆ ಸ್ಟಾರ್ಟರ್‌ಗಳ ಪಕ್ಕ ಗೋಡೆಗೆ ಮೊಳೆ ಹೊಡ್ದು ನೇತಾಕ್ತೀನಿ. ಬಂದ ಗಿರಾಕಿಗಳೆಲ್ಲ ನೋಡ್ಲಿ.”

ಆ ಕಡೆ ಚೆನ್ನಕೇಶವ ಜನರೇಟರ್ ಆರಿಸಲು ಯಾರಿಗೋ ಕೂಗಿ ಹೇಳಿದ.

“ಅಣ್ಣ,” ಎಂದ ಆಮೇಲೆ, ಮಗುವಿಗೆ ಹೇಳುವ ಹಾಗೆ. “ಅತ್ತಿಗೆ ಇಲ್ವಾ ಹತ್ರ? ನೀನು ಸ್ವಲ್ಪ ನೀರು ಕುಡಿ. ಊಟ ಮಾಡಿದ್ಯಾ?”

“ಊಟ ಎಲ್ಲಾ ಚೆನ್ನಾಗಾಯ್ತು. ಇನ್ನೊಂದು ವಿಷ್ಯ, ಅಮ್ಮಂಗೆ ಇನ್ನೂ ಹೇಳಿಲ್ಲ. ಹೇಳಿದ್ರೆ ಎದ್ದು ಕೂತ್ಕೊಂಡು ಬೈತಾಳೆ. ಒಬ್ರಿಗಾದ್ಮೇಲೆ ಒಬ್ರಂತೆ ಮನೇಲಿ ಎಲ್ಲಾರ್ಗೂ ಅದ್ರಲ್ಲೇ ಅನುಕೂಲ ಮಾಡ್ಬೋದಂತೆ. ಒಬ್ಬೊಬ್ಬರಿಗೂ ಒಂದೊಂದು ನಂಬರು.”

ಚೆನ್ನಕೇಶವ ಗೋಡೆಗೆ ಒರಗಿದ. “ನೀನೇನೂ ಯೋಚ್ನೆ ಮಾಡ್ಬೇಡ. ಬೆಳಿಗ್ಗೆ ನಾನೇ ಬಾಕ್ಸ್ ತಕ್ಕೊಂಡು ಬತ್ತೀನಿ. ದುಡ್ಡಿನ ಮಾತೆತ್ತಿದ್ರೆ ನನ್ನಾಣೆ.”

ತಮ್ಮನ ಉದಾರತೆಗೆ ಓಬುಳಪತಿಯ ಕಣ್ಣು ತೇವವಾಯಿತು. ಒಂದು ಮಿನಿ ಪಿಸಿಗಾಗಿ ಇಷ್ಟು ಮರುಗುವ ನೆಂಟ ಈ ಕಾಲದಲ್ಲಿ ಎಲ್ಲಿ ಸಿಗುತ್ತಾನೆ?

ಕಲ್ಯಾಣದುರ್ಗದಲ್ಲಿ ಸುದ್ದಿ ಕೇಳಿದ ನರಸಕ್ಕ ಅಳಲಿಲ್ಲ. ಒಲೆಯ ಮೇಲಿದ್ದ ಮುದ್ದೆಯ ಎಸರು ಇಳಿಸಿ ಕಲ್ಲಿನ ಹಾಗೆ ಕೂತಳು. “ನಾನು ಬರಲ್ಲ,” ಎಂದಳು. ಸ್ವಲ್ಪ ಹೊತ್ತಿಗೆ, “ಅವಳ ಮುಖ ನೋಡಲ್ಲ ಅಂತ ಹೇಳಿದೀನಿ,” ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ ಒಳಗೆ ಹೋಗಿ ಸೀರೆ ಬದಲಿಸಿ ಬಂದು, “ವ್ಯಾನ್ ಎಷ್ಟೊತ್ತಿಗೆ ಹೊರಡ್ತದೆ?” ಎಂದು ಕೇಳಿದಳು.

ಚೆನ್ನಕೇಶವ ನೆಂಟರ ಮೊಬೈಲ್ ಗುಂಪಿಗೆ ನಾರಮ್ಮನವರ ಫೋಟೋ ಹಾಕಿ, ಮೇಲೆ ಎರಡು ದೀಪ, ಕೆಳಗೆ ಮೂರು ಕೈಮುಗಿದ ಚಿತ್ರ ಇಟ್ಟ. ಓಬುಳಪತಿ ಆ ಗುಂಪಿನಲ್ಲಿರಲಿಲ್ಲ. ಮೋಟಾರಿನ ಜಾಹೀರಾತು ಹಾಕುತ್ತಾನೆಂದು ಅವನನ್ನು ಹಿಂದೆಯೇ ತೆಗೆದಿದ್ದರು. ನೆಂಟರಲ್ಲಿ ಬುದ್ಧಿವಂತನೆನಿಸಿದ್ದ ಗೋರಂಟ್ಲದ ರಾಜೇಶ್ ಮಾತ್ರ, ನೇರವಾಗಿ ಮನೆಗೇ ವಿಚಾರಿಸೋಣವೆಂದು ಲ್ಯಾಂಡ್‌ಲೈನಿಗೆ ಫೋನು ಮಾಡಿದ. ಒಂದೇ ರಿಂಗಿಗೆ ಆ ಕಡೆಯಿಂದ ಗುರುತಿನ ದನಿ ಕೇಳಿಸಿತು.

“ಏನು ಸುಟ್ಟೈತೆ?”

ರಾಜೇಶ ಕೂತಲ್ಲಿಂದ ಎದ್ದು ನಿಂತ. “ಇ… ಇನ್ನೂ ಇಲ್ಲಮ್ಮ. ನಾವೆಲ್ಲ ಬಂದ್ಮೇಲೆ…”

“ಸುಡೋಕೆ ಮೊದ್ಲೇ ಯಾಕೆ ಫೋನ್ ಮಾಡ್ತೀಯ? ಸುಟ್ಮೇಲೆ ಮಾಡು!” ಎಂದು ನಾರಮ್ಮ ಫೋನು ಕುಕ್ಕಿದರು.

ಅಂದು ಸಂಜೆ ರಾಜೇಶನಿಗೆ ಜ್ವರ ಬಂತು. ಅವನು ಈ ವಿಷಯ ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ದನಿ ಗೋರಂಟ್ಲಕ್ಕೂ ಬಂದೀತೆಂದು ಹೆದರಿದ. ಹೀಗೆ ನಿಜವನ್ನು ಕಿವಿಯಾರೆ ಕೇಳಿದ್ದ ಒಬ್ಬನೇ ನೆಂಟ ಕಂಬಳಿ ಹೊದ್ದು ಮಲಗಿಬಿಟ್ಟ.

ಮಾರನೆಯ ಬೆಳಿಗ್ಗೆ ಹಿಂದೂಪುರದಲ್ಲಿ ನಾರಮ್ಮ ಎಣ್ಣೆನೀರು ಹಾಕಿಕೊಂಡು, ನೊಣ ಬಾರದಿರಲೆಂದು ಮಗನ ಬಿಳಿ ಪಂಚೆಯೊಂದನ್ನು ತಲೆಯಿಂದ ಕಾಲವರೆಗೆ ಮುಚ್ಚಿಕೊಂಡು ಜಗಲಿಯ ಮಂಚದ ಮೇಲೆ ಅಡ್ಡಾಗಿದ್ದರು. ಮೊದಲು ಬಂದವಳು ಎದುರು ಮನೆಯ ಶಿವಲಕ್ಷ್ಮಮ್ಮ. ಅವಳ ತವರು ಗೋರಂಟ್ಲ, ಸುದ್ದಿ ಅಲ್ಲಿಂದ ಬಂದಿತ್ತು. ಅಂಗಡಿಯ ಬಾಗಿಲಲ್ಲೇ ನಿಂತು ಪಂಚೆಯ ಕಡೆ ನೋಡಿ, “ನೋಡ್ಬೋದೇನಪ್ಪ ನಿಮ್ಮಮ್ಮನ್ನ?” ಎಂದು ಪಿಸುಗುಟ್ಟಿದಳು.

“ಶ್ಶ್,” ಎಂದ ಓಬುಳಪತಿ. “ಈಗ ತಾನೆ ಸ್ನಾನ ಮಾಡ್ಸಿ ಮಲಗ್ಸೈತೆ. ಎಬ್ಬಿಸ್ಬೇಡಿ. ನಮ್ಮ ಚೆನ್ನಕೇಶವ ಬಾಕ್ಸ್ ತತ್ತಾ ಅವ್ನೆ.”

ಶಿವಲಕ್ಷ್ಮಮ್ಮ ಬಾಯಿಗೆ ಸೆರಗಿಟ್ಟುಕೊಂಡು ಹೋದಳು. ಗಳಿಗೆಯಲ್ಲಿ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಮನೆಯ ಮುಂದೆ ಕೂತರು. ಆಮೇಲೆ ವಾರ್ಡಿನ ಪಿಂಚಣಿ ನೋಡಿಕೊಳ್ಳುವ ಯರ್ರಿಸ್ವಾಮಿ ತನ್ನ ಟ್ಯಾಬು ಹಿಡಿದುಕೊಂಡು ಬಂದ. ಪಿಂಚಣಿದಾರರು ಹೋದರೆ ಹೆಸರು ತೆಗೆಯುವುದು ಅವನ ಕೆಲಸ. ಸಂಬಂಧಿಕರ ಮನಸ್ಸು ನೋಯದ ಹಾಗೆ ಆ ಕೆಲಸ ಮಾಡುವುದರಲ್ಲಿ ಅವನು ಹೆಸರುವಾಸಿ.

“ಓಬುಳಪತೀ, ಅಮ್ಮಂದು ಟೈಮ್ ಎಷ್ಟೊತ್ತಿಗೆ ಅಂತ ಬರ್ಕೊಳ್ಳಲಿ?”

“ಮೂರು ಗಂಟೆಗೆ,” ಎಂದ ಓಬುಳಪತಿ. ತಾಯಿ ನಿದ್ದೆಯಿಂದ ಏಳುವ ಹೊತ್ತು ಕೇಳುತ್ತಿದ್ದಾನೆಂದು ಅವನ ಎಣಿಕೆ.

ಯರ್ರಿಸ್ವಾಮಿ ಗಡಿಯಾರ ನೋಡಿದ. ಬೆಳಿಗ್ಗೆ ಹತ್ತೂ ಆಗಿರಲಿಲ್ಲ. “ನಿನ್ನೆ ಮೂರಕ್ಕಾ?”

“ನಿನ್ನೇನೂ ಮೂರಕ್ಕೇ. ದಿನಾ ಅದೇ ಟೈಮ್.”

ಯರ್ರಿಸ್ವಾಮಿ ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡು ಒಂದು ಸ್ಟೂಲಿನ ಮೇಲೆ ಕೂತ. ಇಂಥದ್ದಕ್ಕೆ ಅವನ ಟ್ಯಾಬಿನಲ್ಲಿ ಜಾಗ ಇರಲಿಲ್ಲ.

ಅಷ್ಟರಲ್ಲಿ ಕಲ್ಯಾಣದುರ್ಗದ ವ್ಯಾನು ಬಂತು. ಹಿಂದೆ ಇನ್ನೊಂದು ಗಾಡಿಯಲ್ಲಿ ಶಾಮಿಯಾನ, ಕುರ್ಚಿ, ಹಂಡೆ. ಚೆನ್ನಕೇಶವನ ಕೆಲಸಗಾರರು ರಸ್ತೆಗಡ್ಡವಾಗಿ ಕಂಬ ನೆಡತೊಡಗಿದರು. ಚೆನ್ನಕೇಶವ ಇಳಿದವನೇ ಓಬುಳಪತಿಯನ್ನು ತಬ್ಬಿಕೊಂಡು ಬಿಕ್ಕಿದ. ಓಬುಳಪತಿಯೂ ಮರ್ಯಾದೆಗೆ ಸ್ವಲ್ಪ ಬಿಕ್ಕಿದ.

“ಬಾಕ್ಸ್ ತಂದ್ಯಾ?”

“ತಂದಿವ್ನಿ ಅಣ್ಣ.” ಚೆನ್ನಕೇಶವ ವ್ಯಾನಿನ ಹಿಂಬಾಗಿಲು ತೆಗೆದ.

ಆರಡಿಯ ಗಾಜಿನ ಪೆಟ್ಟಿಗೆಯನ್ನು ಓಬುಳಪತಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. “ಏನ್ಲಾ ಇದು? ಸರಿತಮ್ಮ ತೋರ್ಸಿದ್ದು ಚಪಾತಿ ಡಬ್ಬಿಯಷ್ಟಿತ್ತಲ್ಲ. ಇದ್ನ ಗೋಡೆಗೆ ಹೆಂಗ್ಲಾ ನೇತಾಕೋದು?” ಬಗ್ಗಿ ಅಡಿ ನೋಡಿದ. “ಇದ್ಕೆ ಕಂಪ್ರೆಸ್ಸರ್ ಬೇರೆ ಐತಲ್ಲೋ! ಫ್ಯಾನೂ ಐತೆ! ಕರೆಂಟ್ ತಿನ್ಬಾರ್ದು ಅಂತ ನಿನ್ಗೆ ಎಷ್ಟು ಸಲ ಹೇಳ್ದೆ?”

ಅವನ ಮಾತು ಮುಗಿಯುವ ಮೊದಲೇ ಜಗಲಿಯಿಂದ ಒಂದು ಕೂಗು ಎದ್ದಿತು. ನರಸಕ್ಕ ಎಲ್ಲರನ್ನೂ ದಾಟಿ ಹೋಗಿ ಬಿಳಿ ಪಂಚೆಯ ಕಾಲಬಳಿ ಬಿದ್ದಿದ್ದಳು.

“ಅಯ್ಯೋ ನನ್ನಕ್ಕಾ! ಸೊಂಟದ ಮೇಲೆ ಹೊತ್ತು ಸಾಕಿದ ಅಕ್ಕಾ! ಊರಿಗೆಲ್ಲ ಬುದ್ಧಿ ಹೇಳಿದ ಬಾಯಿ ಮುಚ್ಚೋಯ್ತಲ್ಲೇ!”

ಪಂಚೆಯ ಒಳಗೆ ನಾರಮ್ಮನವರಿಗೆ ಎಚ್ಚರವಾಯಿತು. ದನಿ ಯಾರದೆಂದು ತಕ್ಷಣ ತಿಳಿಯಿತು. ವರ್ಷಗಳಿಂದ ಕೇಳದ ದನಿ, ಅದೂ ತನ್ನನ್ನೇ ಹೊಗಳುತ್ತಿದೆ. ಸಂಗತಿ ಏನೆಂದು ಅರ್ಥವಾಗಲಿಲ್ಲ. ಆದರೆ ನಡುವೆ ಎದ್ದರೆ ಹೊಗಳಿಕೆ ನಿಂತುಹೋಗುತ್ತದೆ ಎಂಬುದು ಅರ್ಥವಾಯಿತು. ಅವರು ಅಲುಗಾಡದೆ ಮಲಗಿದರು.

“ನಿನ್ನಂಗೆ ಒಬ್ಬಟ್ಟು ಮಾಡೋರು ಈ ಜಿಲ್ಲೇಲಿ ಯಾರೈದಾರೆ ಅಕ್ಕಾ! ನನ್ನ ಬಾಣಂತನ ಮಾಡಿದ ಕೈ, ನನ್ನ ಜಡೆ ಹೆಣೆದ ಕೈ…”

ಪಂಚೆ ಸಂತೋಷದಿಂದ ಸ್ವಲ್ಪ ಉಬ್ಬಿ ಇಳಿಯಿತು. ಯರ್ರಿಸ್ವಾಮಿ ಅದನ್ನು ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

“ಮಾತಾಡ್ದೆ ಹೋದ್ಯಲ್ಲೇ ಅಕ್ಕಾ! ಗೃಹಪ್ರವೇಶಕ್ಕೆ ಮೊಟ್ಟಮೊದ್ಲು ನಿನ್ನೇ ಕರೀಬೇಕು ಅಂತ ಆಸೆಯಿಂದ ಫೋನ್ ಮಾಡಿದ್ರೆ, ಹೊಸ ಮನೆ ವಿಷ್ಯ ಬಾಯಿ ತೆಗಿಯೋಕೂ ಬುಡ್ದೆ, ‘ಸುಟ್ಟಿದ್ರೆ ಬಿಚ್ಕೊಂಡು ಸಾಯಂಕಾಲ ಬಾ’ ಅಂತ ಫೋನ್ ಇಕ್ಬುಟ್ಟೆಯಲ್ಲೇ! ಒಡಹುಟ್ಟಿದವ್ಳಿಗೆ ಅನ್ನೋ ಮಾತೇನೇ ಅದು…”

ಪಂಚೆ ಹಾರಿತು. ನಾರಮ್ಮ ನೆಟ್ಟಗೆ ಎದ್ದು ಕೂತರು.

“ಅದು ನೀನೇನೇ ಫೋನ್ ಮಾಡಿದ್ದು?”

ಶಾಮಿಯಾನದ ಕಂಬ ಹಿಡಿದಿದ್ದವರು ಕಂಬ ಬಿಟ್ಟು ಓಡಿದರು. ಬಟ್ಟೆ ಕುಸಿದು ಶಿವಲಕ್ಷ್ಮಮ್ಮನ ಗುಂಪಿನ ಮೇಲೆ ಬಿತ್ತು; ಒಳಗಿಂದ ಒಂದೇ ಸಮನೆ ಕಿರುಚಾಟ. ಚೆನ್ನಕೇಶವ ಹಿಂದೆ ಹಿಂದೆ ಸರಿದು ತಾನೇ ತಂದ ಬಾಕ್ಸಿನ ಮೇಲೆ ಕೂತ. ನರಸಕ್ಕ ಮಾತ್ರ ಹೆದರಲಿಲ್ಲ. ಅವಳ ಸಿಟ್ಟು ಹೆದರಿಕೆಗಿಂತ ಹಳೆಯದಾಗಿತ್ತು.

“ಹೂಂ, ನಾನೇ! ‘ಅಕ್ಕಾ’ ಅಂತಂದೆ, ಕೇಳಿಸ್ಲಿಲ್ವಾ?”

“ಇಲ್ಲಿಗೆ ಫೋನ್ ಮಾಡೋರೆಲ್ಲ ಅಕ್ಕಾ ಅಮ್ಮಾ ಅಂತಾರೆ ಕಣೇ! ಹೆಸ್ರು ಹೇಳ್ಬೇಕು ತಾನೆ? ನಾನು ಇಷ್ಟು ವರ್ಷ, ನನ್ನ ತಂಗಿ ನನ್ನ ಕರೀಲೇ ಇಲ್ವಲ್ಲ ಅಂತ…” ಎಂದವರು ತಂಗಿಯ ರವಿಕೆಯ ತೋಳು ಹಿಡಿದು ಜಗ್ಗಿದರು. ನರಸಕ್ಕ ಅಕ್ಕನ ಒದ್ದೆ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಇಬ್ಬರೂ ಅತ್ತರು. ಇದು ಶಾಸ್ತ್ರದ ಅಳುವಲ್ಲ, ರಾಗವೂ ಇರಲಿಲ್ಲ. ನೋಡುತ್ತಿದ್ದವರು ಸ್ವಲ್ಪ ಹೊತ್ತು ಬೇರೆ ಕಡೆ ತಿರುಗಿದರು.

ಮೊದಲು ಚೇತರಿಸಿಕೊಂಡದ್ದು ಸರ್ಕಾರ. ಯರ್ರಿಸ್ವಾಮಿ ಟ್ಯಾಬು ಚಾಚಿ, “ಅಮ್ಮ, ಬಾಗುನ್ನಾರಾ?” ಎಂದು ತೆಲುಗಿನಲ್ಲಿ ಕ್ಷೇಮ ಕೇಳಿ, “ಬಂದಿದ್ದೇ ಬಂದೆ, ಬದುಕಿದೀರಿ ಅಂತ ಇಲ್ಲೊಂದು ಬೆರಳು ಒತ್ಬುಡಿ, ಈ ವರ್ಷದ್ದು ಮುಗ್ದೋಗ್ತದೆ,” ಎಂದ.

ಬೆರಳೊತ್ತಿದ ನಾರಮ್ಮ ಮಗನ ಕಡೆ ತಿರುಗಿದರು. “ಈಗ ಹೇಳಪ್ಪ. ನಾನು ಸತ್ತೋದೆ ಅಂತ ಯಾರು ಹೇಳಿದ್ದು?”

ಓಬುಳಪತಿ ಹೇಳಲೇಬೇಕಾಯಿತು. ಪಂಪಿನ ಕಂಪನಿಯ ಇಂಪಾದ ದನಿ, ಮದುವೆ ಊಟದ ಅವಮಾನ, ಸರಿತಾಳ ಅಂಗಡಿ, ಫ್ಯಾನಿಲ್ಲದ ಡಬ್ಬಿ, ಎಲ್ಲವನ್ನೂ ತೊದಲುತ್ತ ಒಪ್ಪಿಸಿದ. ಪದ್ಮಲತಾ ತವರಿಗೆ ಹೋಗಲಾಗದೆ ಕಂಬದ ಮರೆಯಲ್ಲಿ ನಿಂತಿದ್ದಳು.

ನಾರಮ್ಮ ಸೆರಗಿನಿಂದ ಫೋನನ್ನು ಒರೆಸಿದರು. “ಹಂಗಾದ್ರೆ ಸತ್ತಿದ್ದು ನಾನಲ್ಲ, ನನ್ನ ಕೆಲ್ಸ ಅನ್ನು,” ಎಂದರು ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಿದ್ದನ್ನು ಆ ಬೀದಿಯವರು ಕೇಳಿದ್ದು ಅದೇ ಮೊದಲು. ಓಬುಳಪತಿಗೆ ಬೈಸಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು.

ಬೈಯುವ ಕೆಲಸವನ್ನು ನರಸಕ್ಕ ವಹಿಸಿಕೊಂಡಳು. “ಏನ್ಲಾ ಓಬುಳಪತೀ, ನಮ್ಮಕ್ಕನ ಬದ್ಲು ಡಬ್ಬಿ ತತ್ತೀಯಾ? ಡಬ್ಬಿ ಕೇಳ್ತದೇನ್ಲಾ, ರಾತ್ರಿ ಎಲ್ಲಿಗೆ ಹೋಗಿದ್ದೆ ಅಂತ? ಅವಳಿಗೆ ಹೆದ್ರಿ ಎಷ್ಟು ಜನ ಮೋಟಾರ್ ಸುಟ್ಕೊಳ್ದೆ ಔರೋ ನಿಂಗೇನ್ ಗೊತ್ತು?” ಸ್ವಲ್ಪ ಹೊತ್ತಿನ ಮುಂಚೆ ಅದೇ ಫೋನಿನ ಮಾತಿಗೆ ಗೋಳಾಡಿದವಳು ಈಗ ಅದರ ಪರವಾಗಿ ವಾದಿಸುತ್ತಿದ್ದಳು. ಅಕ್ಕತಂಗಿಯರು ಒಂದೇ ಮಂಚದ ಮೇಲೆ ಹತ್ತಿರ ಹತ್ತಿರ ಕೂತು ಅವನನ್ನು ನೋಡಿದರು. ಓಬುಳಪತಿಗೆ ತಲೆ ಎತ್ತಲಾಗಲಿಲ್ಲ.

ಸಾವಿನ ಸುದ್ದಿ ಕೇಳಿ ಬೆಳುಗುಪ್ಪದಿಂದ ಬೈಕಿನಲ್ಲಿ ನೇರವಾಗಿ ಬಂದ ನರೇಂದ್ರ ಕಂಡದ್ದು, ರಸ್ತೆಗಡ್ಡವಾಗಿ ಮತ್ತೆ ಎದ್ದ ಶಾಮಿಯಾನ, ಹಂಡೆಯಲ್ಲಿ ಅನ್ನ, ಹಾರ ಹಿಡಿದು ಬಂದ ನೆಂಟರಿಗೆ ಬಡಿಸುತ್ತಿದ್ದ ಸತ್ತವರು. ವಿಷಯ ತಿಳಿದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕರೆಸಿದ್ದಕ್ಕೆ ಸರಿತಾಳೂ ತನ್ನ ಡಬ್ಬಿಗಳ ಸಮೇತ ಬಂದಳು. ಊಟವಾದ ಮೇಲೆ, ಬಂದದ್ದಕ್ಕೆ ಒಂದು ಕೆಲಸವಾದರೂ ಆಗಲೆಂದು ನೆಂಟರೆಲ್ಲ ಕೂತು ಯಾವ ಬಾಕ್ಸ್ ತಗೊಳ್ಳಬೇಕೆಂದು ಚರ್ಚೆ ಮಾಡಿದರು. ಒಬ್ಬ ಭಾವ ದೊಡ್ಡ ಸಿಪಿಯು ಪರ, ನೋಡಿದವರಿಗೆ ಭಾರವಾಗಿ ಕಾಣುತ್ತದೆಂದು. ಯರ್ರಿಸ್ವಾಮಿ ಹಸಿರು ಬೋರ್ಡಿನ ಪರ, ಜೇಬಿನಲ್ಲಿಟ್ಟುಕೊಳ್ಳಬಹುದೆಂದು. ಚೆನ್ನಕೇಶವ ಯಾವ ಬಾಕ್ಸಿನ ವಿಚಾರವಾಗಿಯೂ ತನ್ನನ್ನು ಕೇಳಬಾರದೆಂದು ಕೈಮುಗಿದ.

ನರೇಂದ್ರ ಹೇಳಿದ: “ದೊಡ್ಡಪ್ಪ, ನಿಮ್ಮನೇಲಿ ದಿನಕ್ಕೆ ಬರೋ ಫೋನಿಗೆ ಭಾರೀ ಮೆಷಿನ್ ಬೇಡ. ಈ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿನೇ ಹೆಚ್ಚು. ಒಳಗೆ ಎಸ್‌ಎಸ್‌ಡಿ ಐತೆ, ಕಾರ್ಡ್ ಅಲ್ಲ, ಬೇಗ ಕೆಡಲ್ಲ. ಚಿಕ್ಕ ಇನ್ವರ್ಟರ್ ಇಕ್ಕಿದ್ರೆ ಕರೆಂಟ್ ಹೋದ್ರೂ ದಿನಪೂರ್ತಿ ಓಡ್ತದೆ. ಅಜ್ಜಿ ಕೆಲ್ಸಕ್ಕೆ ಏನೂ ತೊಂದ್ರೆ ಇಲ್ಲ. ಮೋಟಾರಿಗೆ ಒಂದು, ಸ್ಟಾರ್ಟರಿಗೆ ಎರಡು, ಅಜ್ಜಿಗೆ ಮೂರು. ಅಂಗಡಿ ನಂಬರನ್ನೂ ಇಂಟರ್‌ನೆಟ್‌ಗೆ ಹಾಕಿದ್ರೆ ಒಂದೇ ಸಲಕ್ಕೆ ಎಷ್ಟು ಜನ ಬೇಕಾದ್ರೂ ಫೋನ್ ಮಾಡ್ಬೋದು. ಕಲ್ಯಾಣದುರ್ಗದಾಗೆ ನಮ್ಮಜ್ಜಿ ಹತ್ರಾನೂ ಇದೇ ಡಬ್ಬೀದು ಒಂದು ಫೋನ್ ಇಕ್ತೀನಿ. ಇಂಟರ್‌ನೆಟ್ ಮೇಲೆ ಓಡ್ತದೆ, ಇಬ್ರೂ ಎಷ್ಟು ಮಾತಾಡಿದ್ರೂ ಬಿಲ್ ಇಲ್ಲ.”

“ಎಷ್ಟು ಮಾತಾಡಿದ್ರೂ?” ಎಂದು ನಾರಮ್ಮ ಕೇಳಿದರು.

“ಎಷ್ಟು ಮಾತಾಡಿದ್ರೂ.”

ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಮಿನಿ ಪಿಸಿ ಸರ್ವಾನುಮತದಿಂದ ಆಯ್ಕೆಯಾಯಿತು.

ಸರಿತಾಳ ದನಿಯಲ್ಲಿ ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದು ರೆಕಾರ್ಡ್ ಮಾಡಿದರು. ನರೇಂದ್ರ ಡಬ್ಬಿಯನ್ನು ಗೋಡೆಗೆ ನೇತುಹಾಕಿ, ಲಿನಕ್ಸ್ ಹಾಕಿ, ಅಂಗಡಿಯೊಳಗೆ ಓಬುಳಪತಿಗೂ ಒಂದು ಬೇರೆ ಫೋನು ಇಟ್ಟು, ಕಾಯುವವರಿಗೆ ಕೇಳಿಸಲೆಂದು ನಾದಸ್ವರವನ್ನೂ ತುಂಬಿ ಹೋದ. ಓಬುಳಪತಿ ದಿನಾ ತನ್ನ ಮೊಬೈಲಿನಿಂದ ತನ್ನ ಅಂಗಡಿಗೇ ಫೋನು ಮಾಡಿ ಆ ಸ್ವಾಗತ ಕೇಳಿ ಆನಂದಪಡುತ್ತಿದ್ದ.

ಒಂದು ದಿನ ಗಾಳಿಗೆ ಕರೆಂಟು ತಂತಿಗಳು ಒಂದಕ್ಕೊಂದು ತಗುಲಿ ಸುತ್ತಮುತ್ತಲ ಎಷ್ಟೋ ಹೊಲಗಳಲ್ಲಿ ಮೋಟಾರುಗಳು ಸುಟ್ಟವು. ಹಿಂದೂಪುರದ ಆ ಭಾಗಕ್ಕೆಲ್ಲ ಕರೆಂಟು ಹೋಯಿತು. ಅಂಗಡಿಯಲ್ಲಿ ಬೆಳಗುತ್ತಿದ್ದದ್ದು ಡಬ್ಬಿಯ ಹಸಿರು ದೀಪ ಒಂದೇ. ಓಬುಳಪತಿ ಕೈತೊಳೆದು, ಶರಟು ಬದಲಿಸಿ, ಕರೆಗಳಿಗಾಗಿ ಕಾದು ಕೂತ. ತನ್ನ ಜೀವಮಾನದ ದಿನ ಬಂದಿತೆಂದು ಅವನಿಗೆ ಗೊತ್ತಿತ್ತು. ಆದರೆ ಅವನ ಫೋನು ಒಂದು ಸಲವೂ ರಿಂಗಾಗಲಿಲ್ಲ. ನರೇಂದ್ರ ಕೊಟ್ಟಿದ್ದ ಚಿಕ್ಕ ಪರದೆಯಲ್ಲಿ ನೋಡಿದರೆ ಹನ್ನೊಂದು ಜನ ಕಾಯುತ್ತಿದ್ದರು.

ಏನಾಗಿದೆಯೋ ಎಂದು ಅವನು ಪರದೆಯ ಮೇಲೆ ಅದನ್ನೂ ಇದನ್ನೂ ಒತ್ತಿ ರಿಸೀವರ್ ಕಿವಿಗಿಟ್ಟ. ನಾದಸ್ವರ ಇರಲಿಲ್ಲ. ನರೇಂದ್ರ ಎಲ್ಲೋ ಒಂದು ನಂಬರು ತಪ್ಪಿಸಿ, ಕಾಯುವವರನ್ನೆಲ್ಲ ಅಜ್ಜಿಯರು ಮಾತಾಡುವ ಕಡೆಗೇ ಸೇರಿಸಿಬಿಟ್ಟಿದ್ದ. ತಮ್ಮ ಮಾತು ಇನ್ಯಾರಿಗೂ ಕೇಳುತ್ತಿಲ್ಲವೆಂದು ನಂಬಿದ್ದ ಅಕ್ಕತಂಗಿಯರು, ಚಿಕ್ಕವರಿದ್ದಾಗ ಇಬ್ಬರೂ ಸೇರಿ ಶಾಲೆಯ ಮೇಷ್ಟ್ರ ಎಮ್ಮೆಗೆ ಕುಂಕುಮ ಬಳಿದ ಕಥೆ ಹೇಳಿಕೊಂಡು ನಗುತ್ತಿದ್ದರು. ಹೊಲದ ನಡುವೆ, ಬಾವಿಯ ಕಟ್ಟೆಯ ಮೇಲೆ, ಹನ್ನೊಂದು ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

ಓಬುಳಪತಿ ಗಾಬರಿಯಿಂದ ಮತ್ತೊಂದು ಗುಂಡಿ ಒತ್ತಿದಾಗ ಸಿಕ್ಕವನು ಪರಿಗಿಯ ಪಾಪಯ್ಯ ಎಂಬ ಗಿರಾಕಿ.

“ಪಾಪಯ್ಯಾ, ಕ್ಷಮಿಸಪ್ಪ, ಬಹಳ ಹೊತ್ತು ಕಾಯಿಸ್ಬುಟ್ಟೆ. ನಿಮ್ಮ ಕರೆ ನಮಗೆ ಅಮೂಲ್ಯ. ಮೋಟಾರ್ ಈಗ್ಲೇ…”

“ಅಯ್ಯೋ, ಮಧ್ಯದಾಗೆ ಯಾಕ್ ಬಂದೆ ಕಣಪ್ಪ!” ಎಂದು ಪಾಪಯ್ಯ ಸಿಡುಕಿದ. “ಎಮ್ಮೆ ಮೇಷ್ಟ್ರ ಮನೆಗೆ ಹೋಯ್ತಾ ಇಲ್ವಾ ಅಂತ ಗೊತ್ತಾಗ್ಲಿ. ನನ್ನ ವಾಪಸ್ ಅಲ್ಲಿಗೇ ಹಾಕು. ಮೋಟಾರ್ ಸುಟ್ಟೋಗೈತೆ, ಇನ್ನೆಲ್ಲಿಗೆ ಹೋಯ್ತದೆ? ಅಲ್ಲೇ ಬಿದ್ದಿರ್ತದೆ ಬುಡು.”

ಓಬುಳಪತಿ ಅವನನ್ನು ವಾಪಸ್ ಹಾಕಿದ. ನರೇಂದ್ರನಿಗೆ ಹೇಳಿ ಸರಿಮಾಡಿಸಬೇಕೆಂದು ಮೊಬೈಲ್ ಕೈಗೆತ್ತಿಕೊಂಡ. ಜಗಲಿಯ ಕಡೆಯಿಂದ ತಾಯಿಯ ನಗು ಕೇಳಿಸಿತು. ಅದೇ ನಗು ಸ್ವಲ್ಪ ತಡವಾಗಿ ರಿಸೀವರಿನಲ್ಲೂ ಬಂತು. ಅವನು ಮೊಬೈಲ್ ಕೆಳಗಿಟ್ಟು, ಸ್ಟೂಲನ್ನು ಗೋಡೆಗೆ ಒರಗಿಸಿಕೊಂಡು, ಎಮ್ಮೆ ಎಲ್ಲಿಗೆ ಹೋಯಿತೆಂದು ತಿಳಿಯಲು ಹನ್ನೆರಡನೆಯವನಾಗಿ ಕಾದು ಕೂತ.